ನಿರ್ವಾತ ಗಾಜಿನ ಕ್ಯಾಲೋರಿಮೀಟರ್: ಪಿಯು ಪ್ರಯೋಗಾಲಯದಲ್ಲಿ ಹಲವು ವರ್ಷ ಬಳಸಿದ ಮೇಲೆ

ಮಲೆನಾಡಿನ ಪದವಿಪೂರ್ವ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಬೋಧಿಸುವ ನಾನು, ಪ್ರಥಮ ಪಿಯುಸಿಯ ಉಷ್ಣರಸಾಯನ ಪ್ರಯೋಗಗಳಿಗೆ, ಕ್ರಿಯೆಯಲ್ಲಿ ಹೊರಬರುವ ಅಥವಾ ಹೀರಲ್ಪಡುವ ಉಷ್ಣವನ್ನು ಅಳೆಯುವ ಅರ್ಧ ಲೀಟರಿನ ಈ ಕ್ಯಾಲೋರಿಮೀಟರನ್ನು ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. 1892ರಲ್ಲಿ ಜೇಮ್ಸ್ ಡೀವಾರ್ ರೂಪಿಸಿದ ಫ್ಲಾಸ್ಕಿನಂತೆ ಎರಡು ಪದರಗಳ ನಡುವಿನ ಗಾಳಿಯನ್ನು ತೆಗೆದ ಗಾಜಿನ ಪಾತ್ರೆ, ಪ್ಲಾಸ್ಟಿಕ್ ಹೊರಕವಚ, ಕಲಕುವ ಕಡ್ಡಿ, ಥರ್ಮಾಮೀಟರಿಗೆ ರಂಧ್ರವಿರುವ ರಬ್ಬರ್ ಬಿರಡೆ, ಇಷ್ಟೇ ಇದರ ಭಾಗಗಳು.

ತಟಸ್ಥೀಕರಣದ, ಅಂದರೆ ಆಮ್ಲಕ್ಕೆ ಪ್ರತ್ಯಾಮ್ಲ ಬೆರೆಸುವ, ಪ್ರಯೋಗಕ್ಕೆ ಮಾತ್ರ ಬೇಕೆಂದಾದರೆ ಇದನ್ನು ಕೊಳ್ಳುವ ಅಗತ್ಯವಿಲ್ಲ. ಒಂದು ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಅಷ್ಟೇ ಸಾರತೆಯ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣವನ್ನು ತಲಾ 100 ಮಿ.ಲೀ. ಬೆರೆಸಿದಾಗ ಕ್ಷಣಾರ್ಧದಲ್ಲಿ ಕ್ರಿಯೆ ಮುಗಿಯುವುದರಿಂದ ಉಷ್ಣ ಸೋರಿಹೋಗಲು ಸಮಯವೇ ಇರುವುದಿಲ್ಲ. ಒಂದರೊಳಗೊಂದು ಇಟ್ಟ ಎರಡು ಥರ್ಮಾಕೋಲ್ ಲೋಟಗಳೂ ಹೆಚ್ಚುಕಡಿಮೆ ಇದೇ ಉತ್ತರವನ್ನು ಕೊಡುತ್ತವೆ. ಪಠ್ಯಪುಸ್ತಕದ ಮೋಲಿಗೆ 57.1 ಕಿಲೋಜೌಲ್ ಬೆಲೆಯಂತೆ ಇಲ್ಲಿ ಏರಬೇಕಾದ ತಾಪ ಸುಮಾರು 6.8 ಡಿಗ್ರಿ. ಅರ್ಧ ಡಿಗ್ರಿ ತಪ್ಪಿ ಓದಿದರೂ ಉತ್ತರದಲ್ಲಿ ಶೇಕಡಾ ಏಳರಷ್ಟು ವ್ಯತ್ಯಾಸ ಬರುವುದರಿಂದ, ಪಾತ್ರೆಗಿಂತ ಮೊದಲು 0.1 ಡಿಗ್ರಿ ತೋರಿಸುವ ಥರ್ಮಾಮೀಟರಿಗೆ ಹಣ ವ್ಯಯಿಸುವುದು ಉಚಿತ.

ಈ ಪಾತ್ರೆಯ ನಿಜವಾದ ಬೆಲೆ ತಿಳಿಯುವುದು ಮೈಲುತುತ್ತದ (ತಾಮ್ರದ ಸಲ್ಫೇಟ್) ಪ್ರಯೋಗದಲ್ಲಿ. ನೀಲಿ ಹರಳುಗಳನ್ನು ಹದವಾಗಿ ಕಾಯಿಸಿ ನೀರಿನಂಶ ಹೋಗಲಾಡಿಸಿದ ಬಿಳಿ ಪುಡಿ ನೀರಿನಲ್ಲಿ ಕರಗುವಾಗ ಮೋಲಿಗೆ ಸುಮಾರು 66 ಕಿಲೋಜೌಲ್ ಉಷ್ಣವನ್ನು ಬಿಟ್ಟುಕೊಡುತ್ತದೆ. ಅದೇ ನೀಲಿ ಹರಳು ಕರಗುವಾಗ ಸುಮಾರು 12 ಕಿಲೋಜೌಲ್ ಹೀರಿಕೊಳ್ಳುತ್ತದೆ. ಯಾವ ದಾರಿಯಲ್ಲಿ ಹೋದರೂ ಒಟ್ಟು ಉಷ್ಣದ ಬದಲಾವಣೆ ಒಂದೇ ಎಂದು 1840ರಲ್ಲಿ ರಸಾಯನಶಾಸ್ತ್ರಜ್ಞ ಹೆಸ್ ಮಂಡಿಸಿದ ನಿಯಮದಂತೆ ಈ ಎರಡರಿಂದ, ನೇರವಾಗಿ ಅಳೆಯಲು ಕಷ್ಟವಾದ ಜಲೀಕರಣದ ಎಂಥಾಲ್ಪಿಯನ್ನು (ಬಿಳಿ ಪುಡಿ ನೀರು ಸೇರಿ ನೀಲಿ ಹರಳಾಗುವಾಗ ಹೊರಬರುವ ಉಷ್ಣ), ಅಂದರೆ ಮೋಲಿಗೆ ಸುಮಾರು 78 ಕಿಲೋಜೌಲನ್ನು, ವಿದ್ಯಾರ್ಥಿಗಳೇ ಲೆಕ್ಕಹಾಕಿ ಪಡೆಯಬಹುದು. ಒಂದೇ ವಸ್ತುವಿನ ಎರಡು ರೂಪಗಳಲ್ಲಿ ಒಂದು ನೀರನ್ನು ಬೆಚ್ಚಗಾಗಿಸಿ ಇನ್ನೊಂದು ತಂಪಾಗಿಸುವುದನ್ನು ಕಣ್ಣಾರೆ ಕಂಡ ಮೇಲೆ ಬಹಿರುಷ್ಣಕ, ಅಂತರುಷ್ಣಕ ಎಂಬ ಪದಗಳನ್ನು ಅವರಿಗೆ ಬಾಯಿಪಾಠ ಮಾಡಿಸಬೇಕಾಗಿಲ್ಲ. ಆದರೆ ನೀಲಿ ಹರಳು ಕರಗಲು ಹೊತ್ತು ಹಿಡಿಯುತ್ತದೆ, 200 ಮಿ.ಲೀ. ನೀರಿಗೆ 12.5 ಗ್ರಾಂ ಹಾಕಿದರೂ ತಾಪ ಒಂದು ಡಿಗ್ರಿಯಷ್ಟೂ ಇಳಿಯುವುದಿಲ್ಲ. ಥರ್ಮಾಕೋಲ್ ಲೋಟದಲ್ಲಿ ಅಷ್ಟು ಸಣ್ಣ ಇಳಿಕೆಯನ್ನು ಹೊರಗಿನ ಗಾಳಿಯ ಬಿಸಿ ಅಳಿಸಿಹಾಕುತ್ತದೆ. ನಿರ್ವಾತ ಪಾತ್ರೆಯಲ್ಲಿ ಅದು ಸ್ಪಷ್ಟವಾಗಿ ಉಳಿಯುತ್ತದೆ. ನಮ್ಮಲ್ಲಿ ಮಳೆಗಾಲದ ಗಾಳಿಗೆ ಬಿಳಿ ಪುಡಿ ಬೇಗನೆ ನೀಲಿಯಾಗುವುದರಿಂದ ಈ ಪ್ರಯೋಗವನ್ನು ನಾನು ಬೇಸಿಗೆಯ ಹತ್ತಿರಕ್ಕೆ ಇಟ್ಟುಕೊಳ್ಳುತ್ತೇನೆ.

ಕೈಪಿಡಿಯಲ್ಲಿ ಮುದ್ರಿತವಾದ ಪಾತ್ರೆಯ ಉಷ್ಣ ಧಾರಕತೆಯನ್ನು (ತಾಪ ಒಂದು ಡಿಗ್ರಿ ಏರಲು ಪಾತ್ರೆ ಹೀರುವ ಉಷ್ಣ) ಹಾಗೆಯೇ ಬಳಸಬಾರದು. ಒಳಗೋಡೆ ಮತ್ತು ಕಡ್ಡಿ ಹೀರುವ ಉಷ್ಣವು ದ್ರವ ಎಷ್ಟು ಎತ್ತರಕ್ಕೆ ನಿಂತಿದೆ ಎಂಬುದನ್ನು ಅವಲಂಬಿಸುತ್ತದೆ. ತಲಾ 100 ಮಿ.ಲೀ. ಬಿಸಿನೀರು ಮತ್ತು ತಣ್ಣೀರನ್ನು ಬೆರೆಸಿ, ಬಿಸಿನೀರು ಕಳೆದುಕೊಂಡ ಉಷ್ಣದಿಂದ ತಣ್ಣೀರು ಪಡೆದುದನ್ನು ಕಳೆದರೆ ನಮ್ಮ ಪಾತ್ರೆಯ ಪಾಲು ಸಿಗುತ್ತದೆ. ಪ್ರತಿ ವರ್ಷ ಪ್ರಯೋಗಗಳಿಗೆ ಮುನ್ನ ಇದನ್ನು ಹೊಸದಾಗಿ ಅಳೆಯುವುದು ಅಗತ್ಯ.

ಬಾಳಿಕೆಯ ಬಗ್ಗೆ ಹೇಳುವುದಾದರೆ, ಗಾಜು ಆಮ್ಲಕ್ಕೆ ಜಗ್ಗಿಲ್ಲ. ಪ್ರತ್ಯಾಮ್ಲವನ್ನು ಮಾತ್ರ ಅದರಲ್ಲಿ ರಾತ್ರಿಯಿಡೀ ಬಿಡದೆ ಕೂಡಲೇ ತೊಳೆಯಬೇಕು. ರಬ್ಬರ್ ಬಿರಡೆ ಗಟ್ಟಿಯಾಗಿ ರಂಧ್ರದ ಸುತ್ತ ಸಡಿಲವಾಯಿತು. ಸ್ಥಳೀಯವಾಗಿ ಸಿಕ್ಕ ಬಿರಡೆಗೆ ರಂಧ್ರ ಕೊರೆದು ಹಾಕಿದ ಮೇಲೆ ತೊಂದರೆಯಿಲ್ಲ. ಕಡ್ಡಿಯನ್ನು ತಳಕ್ಕೆ ಕುಟ್ಟಿದರೆ ಒಳಗಾಜು ಒಡೆಯುವ ಅಪಾಯವಿರುವುದರಿಂದ ಅದರ ತುದಿಗೆ ಸಣ್ಣ ರಬ್ಬರ್ ಕೊಳವೆ ಸಿಕ್ಕಿಸಿದ್ದೇನೆ, ಸುರಕ್ಷತಾ ಕನ್ನಡಕವಿಲ್ಲದೆ ಯಾರಿಗೂ ಪಾತ್ರೆ ಮುಟ್ಟಲು ಬಿಡುವುದಿಲ್ಲ.

ಪ್ರತಿ ಮೇಜಿಗೊಂದರಂತೆ ಕೊಳ್ಳುವಷ್ಟು ಅಗ್ಗವಾದ ವಸ್ತು ಇದಲ್ಲ. ವಿಭಾಗಕ್ಕೆ ಒಂದೆರಡು ತರಿಸಿ, ತಟಸ್ಥೀಕರಣವನ್ನು ಥರ್ಮಾಕೋಲ್ ಲೋಟಗಳಿಗೆ ಬಿಟ್ಟು, ಕರಗುವಿಕೆಯ ಪ್ರಯೋಗಗಳಿಗೆ ಇದನ್ನು ಸರದಿಯಂತೆ ಬಳಸುವುದು ಸೂಕ್ತ. ಒಳಗಾಜು ಬಿಡಿಯಾಗಿ ಸಿಗುತ್ತದೆಯೇ ಎಂಬುದನ್ನು ಕೊಳ್ಳುವ ಮೊದಲೇ ಮಾರಾಟಗಾರರಿಂದ ಬರಹದಲ್ಲಿ ಪಡೆದುಕೊಳ್ಳಿ.