ಮನೆಯಲ್ಲಿ ರೇಂಜ್ ಹೋದಮೇಲೆ: ಬೇರೆ ಸಿಮ್, ಮಾಡಿನ ಮೇಲೆ ಆಂಟೆನಾ, ವೈಫೈ ಕಾಲ್, ಮೂರನ್ನೂ ಬಳಸಿ ನೋಡಿದೆ

ಕಳೆದ ಜೂನ್‌ನಲ್ಲಿ ನಮ್ಮನೆಯ ರೇಂಜ್ ಹೋಯಿತು. ಮೊದಲು ಮಳೆ ಅಂದುಕೊಂಡೆವು. ಕರೆಂಟ್ ಹೋಗಿ ಟವರಿನ ಬ್ಯಾಟರಿ ಇಳಿದಿರಬೇಕು, ತೀರ್ಥಹಳ್ಳಿ ಕಡೆ ಇದು ಪ್ರತಿ ಮಳೆಗಾಲದ ಪಾಡು. ಆದರೆ ಕರೆಂಟ್ ಬಂತು, ಎರಡು ದಿನ ಬಿಸಿಲೂ ಬಂತು, ರೇಂಜ್ ಬರಲಿಲ್ಲ. ಹಗಲು ಅಮ್ಮ ಒಬ್ಬಳೇ ಇರುತ್ತಾಳೆ, ಬಿಪಿ ಬೇರೆ ಇದೆ. ಪೇಟೆಯಲ್ಲಿ ಕೆಲಸದಲ್ಲಿದ್ದಾಗ ಅವಳಿಗೆ ಫೋನ್ ಹೋಗದಿದ್ದರೆ ನನಗೆ ಕೈಕಾಲೇ ಆಡುವುದಿಲ್ಲ.

ಮೊದಲು ಕಂಪನಿಯ ಹತ್ತಿರ ಉತ್ತರ ಕೇಳಿದ ಕಥೆ ಹೇಳಿಬಿಡುತ್ತೇನೆ. ಗುಡ್ಡ ಹತ್ತಿ 198ಕ್ಕೆ ಫೋನ್ ಮಾಡಿದೆ. ದೂರಿನ ನಂಬರ್ ಕೊಟ್ಟರು. ಮೂರನೇ ದಿನ 'ನಿಮ್ಮ ದೂರು ಬಗೆಹರಿದಿದೆ' ಅಂತ ಮೆಸೇಜ್ ಬಂತು, ಅದನ್ನು ಓದಲಿಕ್ಕೂ ಗುಡ್ಡವನ್ನೇ ಹತ್ತಬೇಕಾಯಿತು. ಮತ್ತೆ ದೂರು, ಮತ್ತೆ ಅದೇ ಮೆಸೇಜ್. ಪೇಟೆಯ ಅಂಗಡಿಯಲ್ಲಿ ಕೇಳಿದರೆ ಸೆಟ್ಟಿಂಗ್ ರೀಸೆಟ್ ಮಾಡಿ ಅಂದರು. ಆಮೇಲೆ ಗೊತ್ತಾಯಿತು, ದೂರಿಗೆ ಸರಿಯಾದ ಉತ್ತರ ಸಿಗದಿದ್ದರೆ ಕಂಪನಿಯಲ್ಲೇ ಮೇಲ್ಮನವಿ ಹಾಕಬಹುದು. ಫೋನ್ ಕಂಪನಿಗಳಿಗೆ ನಿಯಮ ಮಾಡುವ ಸರ್ಕಾರಿ ಸಂಸ್ಥೆ ಟ್ರಾಯ್‌ನ 2012ರ ನಿಯಮದಲ್ಲಿ ಇದಿದೆ. ಖರ್ಚಿಲ್ಲ, 39 ದಿನದಲ್ಲಿ ತೀರ್ಮಾನ ಹೇಳಬೇಕು. ಟ್ರಾಯ್‌ಗೇ ಬರೆದರೆ ಉಪಯೋಗವಿಲ್ಲ, ಅವರು ಒಬ್ಬೊಬ್ಬರ ದೂರು ವಿಚಾರಿಸುವುದಿಲ್ಲ.

ಮೇಲ್ಮನವಿಯಲ್ಲಿ 'ನೆಟ್‌ವರ್ಕ್ ಇಲ್ಲ' ಅಂತಷ್ಟೇ ಬರೆಯಲಿಲ್ಲ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಸ್ಟೇಟಸ್ ತೆರೆದರೆ ಸಿಗ್ನಲ್ ಎಷ್ಟು ಅಂತ ಅಂಕಿ ತೋರಿಸುತ್ತದೆ. 4ಜಿಯಲ್ಲಿ ಮೈನಸ್ 90ರ ಆಸುಪಾಸು ಇದ್ದರೆ ಆರಾಮ, ಮೈನಸ್ 110 ದಾಟಿದರೆ ಮಾತು ಕಡಿಯುತ್ತದೆ, ಮೈನಸ್ 120ಕ್ಕೆ ಇದ್ದೂ ಇಲ್ಲದ ಹಾಗೆ. ಜಗಲಿಯಲ್ಲಿ ಮೈನಸ್ 119, ಗುಡ್ಡದ ಮೇಲೆ ಮೈನಸ್ 96, ದಿನಾಂಕ ಸಮೇತ ಒಂದು ವಾರದ ಲೆಕ್ಕ ಕೊಟ್ಟೆ. ಆಗ ಮೊದಲ ಸಲ ಒಬ್ಬ ಎಂಜಿನಿಯರ್ ಫೋನ್ ಮಾಡಿದರು. ಒಂದು ಟವರಿನಲ್ಲಿ ಸಾಮಾನ್ಯವಾಗಿ ಮೂರು ದಿಕ್ಕಿಗೆ ಬೇರೆ ಬೇರೆ ಆಂಟೆನಾ ಇರುತ್ತವೆ, ನಮ್ಮ ಕಡೆ ಮುಖ ಮಾಡಿದ್ದು ಕೆಟ್ಟಿದೆ, ಸಾಮಾನು ಬರಬೇಕು, ಯಾವತ್ತು ಅಂತ ಹೇಳಲಾಗುವುದಿಲ್ಲ ಅಂದರು. ರಸ್ತೆಯ ಆಚೆ ಮನೆಯವರಿಗೆ ಫುಲ್ ಕಡ್ಡಿ ಇದ್ದು ನಮಗೆ ಒಂದೂ ಇಲ್ಲದ್ದು ಯಾಕೆ ಅಂತ ಆಗ ಅರ್ಥವಾಯಿತು. ಇಷ್ಟು ಹೇಳಲಿಕ್ಕೆ ಐದು ವಾರ ಬೇಕಿತ್ತಾ? ನನಗೆ ನಿಜವಾಗಿ ಸಿಟ್ಟು ಬಂದಿದ್ದು ರೇಂಜ್ ಹೋಗಿದ್ದಕ್ಕಲ್ಲ, ಈ ಒಂದು ಮಾತನ್ನು ಮೊದಲ ದಿನವೇ ಹೇಳದೆ 'ಬಗೆಹರಿದಿದೆ' ಅಂತ ಬರೆದಿದ್ದಕ್ಕೆ.

ಆ ಐದು ವಾರ ಕೈಕಟ್ಟಿ ಕೂರಲಿಲ್ಲ.

ಬೇರೆ ಸಿಮ್: ಫೋನಿನ ಮೇಲೆ 'ತುರ್ತು ಕರೆ ಮಾತ್ರ' ಅಂತ ಬರುತ್ತಿತ್ತು. ಹಾಗೆ ಬಂದರೆ ಬೇರೆ ಯಾವುದೋ ಕಂಪನಿಯ ಟವರ್ ಆ ಫೋನಿಗೆ ಸಿಗುತ್ತಿದೆ ಅಂತ ಅರ್ಥ, 112ಕ್ಕೆ ಅದರ ಮೂಲಕವೇ ಫೋನ್ ಹೋಗುತ್ತದೆ. 'ಸೇವೆ ಇಲ್ಲ' ಅಂತ ಬಂದರೆ ಅದೂ ಕಷ್ಟ. ಪಕ್ಕದ ಮನೆಯವರ ಸಿಮ್ ಒಂದು ಸಂಜೆ ಇಸಿದುಕೊಂಡು ಜಗಲಿ, ಅಡುಗೆಮನೆ, ಕೊಟ್ಟಿಗೆ, ತೋಟ ಎಲ್ಲಾ ಕಡೆ ನೋಡಿದೆ. ಜಗಲಿಯಲ್ಲಿ ಮೈನಸ್ 104, ಮಾತಾಡಬಹುದು. ಅಡುಗೆಮನೆಯಲ್ಲಿ ಕಡಿಯುತ್ತದೆ. ತೋಟದಲ್ಲಿ ಚೆನ್ನಾಗಿದೆ. ಅದಕ್ಕೇ ಅಮ್ಮನ ನಂಬರ್ ಪೋರ್ಟ್ ಮಾಡಲಿಲ್ಲ (ಅಂದರೆ ಅದೇ ನಂಬರ್ ಇಟ್ಟುಕೊಂಡು ಕಂಪನಿ ಬದಲಾಯಿಸಲಿಲ್ಲ), ಹೊಸ ಸಿಮ್ ತಂದು ಬಟನ್ ಫೋನಿಗೆ ಹಾಕಿದೆ. 1900ಕ್ಕೆ ಮೆಸೇಜ್ ಕಳಿಸಿದರೆ ಬರುವ ಕೋಡ್ ನಮ್ಮಲ್ಲಿ ನಾಲ್ಕು ದಿನ ಇರುತ್ತದೆ, ಪೋರ್ಟ್ ಆಗುವುದು ಸುಲಭ. ಆದರೆ ಒಮ್ಮೆ ಹೋದರೆ 90 ದಿನ ಮತ್ತೆ ಬದಲಾಯಿಸಲಿಕ್ಕೆ ಬರುವುದಿಲ್ಲ. ನೋಡದೆ ಪೋರ್ಟ್ ಮಾಡಬೇಡಿ.

ಮಾಡಿನ ಮೇಲೆ ಆಂಟೆನಾ: ಸಿಮ್ ಹಾಕುವ 4ಜಿ ರೂಟರ್, ಹೊರಗೆ ಕಂಬಕ್ಕೆ ಕಟ್ಟುವ ಆಂಟೆನಾ, ಎರಡೂ ಸೇರಿ ಐದು ಸಾವಿರದ ಮೇಲಾಯಿತು. ಟವರ್ ಯಾವ ದಿಕ್ಕಿಗಿದೆ ಅಂತ ಸರ್ಕಾರದ 'ತರಂಗ್ ಸಂಚಾರ್' ಜಾಲತಾಣದಲ್ಲಿ ಹುಡುಕಿದೆ. ಆಮೇಲೆ ನಾನು ಏಣಿ ಮೇಲೆ ನಿಂತು ತಿರುಗಿಸುವುದು, ತಂಗಿ ಕೆಳಗಿಂದ ಅಂಕಿ ಕೂಗುವುದು. ಹೊಸ ಸಿಮ್ಮಿನ ಕಂಪನಿಯ ಇಂಟರ್ನೆಟ್ ಚೆನ್ನಾಗಿಯೇ ಬಂತು. ಆದರೆ ಗುಡುಗು ಶುರುವಾದರೆ ಓಡಿಹೋಗಿ ವಯರ್ ಕೀಳಬೇಕು. ಅಮ್ಮನ ಕೈಲಿ ಆಗುವ ಕೆಲಸ ಅಲ್ಲ. ವಯರ್ ಉದ್ದವಾದಷ್ಟೂ ಸಿಗ್ನಲ್ ಸೋರಿಹೋಗುತ್ತದೆ, ಹಾಗಾಗಿ ರೂಟರನ್ನು ಅಟ್ಟದಲ್ಲೇ ಇಡಬೇಕಾಯಿತು.

ಇಲ್ಲೇ ಇನ್ನೊಂದು ಮಾತು. ಆನ್‌ಲೈನಿನಲ್ಲಿ ಸಿಗ್ನಲ್ ಬೂಸ್ಟರ್ ಅಂತ ಮಾರುತ್ತಾರಲ್ಲ, ಅದನ್ನು ಮನೆಯವರು ಅನುಮತಿ ಇಲ್ಲದೆ ಹಾಕುವುದು ಕಾನೂನಿಗೆ ವಿರುದ್ಧ. ಸುತ್ತಲಿನವರ ನೆಟ್‌ವರ್ಕನ್ನೂ ಅದು ಕೆಡಿಸುತ್ತದೆ. ನಾನು ಮುಟ್ಟಲಿಲ್ಲ.

ವೈಫೈ ಕಾಲ್: ನಮಗೆ ಗೆದ್ದಿದ್ದು ಇದು, ಟವರಿನ ಬದಲು ಮನೆಯ ವೈಫೈ ಮೂಲಕ ಮಾಮೂಲಿ ನಂಬರಿನಲ್ಲೇ ಮಾತಾಡುವುದು. ಕೇಬಲ್‌ನವರು ಫೈಬರ್ ಎಳೆದುಕೊಟ್ಟರು. ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿದ ಕೂಡಲೇ ಒಂದೂ ಕಡ್ಡಿ ಇಲ್ಲದ ಹಳೇ ಸಿಮ್ಮಿಗೇ ಫೋನ್ ಬಂತು. ಅಮ್ಮನ ಮುಖ ನೋಡಬೇಕಿತ್ತು. ಕಾಲಿಗೆ ಬೇರೆ ದುಡ್ಡಿಲ್ಲ, ಬ್ಯಾಂಕಿನ ಓಟಿಪಿ ಕೂಡ ನಮಗೆ ಬರುತ್ತಿದೆ. ಅಡುಗೆಮನೆಯಲ್ಲೂ ಸ್ಪಷ್ಟವಾಗಿ ಕೇಳುತ್ತದೆ. ತೊಂದರೆಯೂ ಇದೆ. ಮಾತಾಡುತ್ತಾ ಅಂಗಳ ದಾಟಿದರೆ ಫೋನ್ ಕಟ್, ಯಾಕಂದ್ರೆ ಹೊರಗೆ ಹಿಡಿದುಕೊಳ್ಳಲಿಕ್ಕೆ ಟವರೇ ಇಲ್ಲ. ಅಮ್ಮನ ಬಟನ್ ಫೋನಿನಲ್ಲಿ ಈ ಸೌಲಭ್ಯ ಇಲ್ಲ, ಸ್ಮಾರ್ಟ್‌ಫೋನ್ ಕೊಡಿಸಿ ಒಂದು ವಾರ ಕಲಿಸಿದೆ. ಕರೆಂಟ್ ಹೋದರೆ ವೈಫೈಯೂ ಹೋಗುತ್ತದೆ, ಹಾಗಾಗಿ 12 ವೋಲ್ಟಿನ ಚಿಕ್ಕ ಯುಪಿಎಸ್ ಹಾಕಿದೆ, ಮೂರು ಗಂಟೆಗಿಂತ ಜಾಸ್ತಿ ತಡೆಯುತ್ತದೆ.

ಜುಲೈನಲ್ಲಿ ಮರ ಬಿದ್ದು ಫೈಬರ್ ತುಂಡಾಯಿತು, ನಾಲ್ಕು ದಿನ ವೈಫೈ ಇಲ್ಲ. ಆ ನಾಲ್ಕು ದಿನ ಅಮ್ಮ ಹೊಸ ಸಿಮ್ಮಿನ ಬಟನ್ ಫೋನ್ ಹಿಡಿದು ಜಗಲಿಯಲ್ಲೇ ಕೂತು ಮಾತಾಡಿದಳು. ಅದಕ್ಕೇ ಹೇಳುವುದು, ಫೈಬರ್ ಸಿಗುವ ಊರಾದರೆ ವೈಫೈ ಕಾಲ್ ಹಾಕಿಸಿ, ಅದರ ಜೊತೆಗೆ ಬೇರೆ ಕಂಪನಿಯ ಸಿಮ್ ಒಂದು ಬಟನ್ ಫೋನಿನಲ್ಲಿ ಇರಲಿ. ಆಂಟೆನಾ ತಾಪತ್ರಯ ಫೈಬರ್ ಬಾರದ ಮನೆಗೆ ಮಾತ್ರ ಸಾಕು. ಬದಲಿ ದಾರಿ ಸಿಕ್ಕಿತು ಅಂತ ದೂರು ಮಾತ್ರ ಬಿಡಬೇಡಿ. ಮೇಲ್ಮನವಿಗೂ ಉತ್ತರ ಬರದಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗಬಹುದು, ಮೊಬೈಲ್ ಸೇವೆಯ ದೂರನ್ನು ಅಲ್ಲಿ ಕೇಳಬಹುದು ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ.

ಸೆಪ್ಟೆಂಬರ್ ಕೊನೆಗೆ ಜಗಲಿಯಲ್ಲಿ ಹಳೇ ಸಿಮ್ಮಿಗೆ ಎರಡು ಕಡ್ಡಿ ಬಂತು, ಮೈನಸ್ 101. ಎಂಜಿನಿಯರ್‌ಗೆ ಫೋನ್ ಮಾಡಿ ಅಂಕಿ ಹೇಳಿದೆ. ಬಟನ್ ಫೋನಿನ ಸಿಮ್ ತೆಗೆದಿಲ್ಲ, ಮೊನ್ನೆಯೂ ರೀಚಾರ್ಜ್ ಮಾಡಿಸಿದ್ದೇನೆ.