ಪಿಎಚ್‌ಡಿಗೆ ಸ್ಟೆಮ್ ಸೆಲ್ ಲ್ಯಾಬೋ, ಶುಗರ್ ರೋಗಿಗಳ ಫಾಲೋ-ಅಪ್ಪೋ?

ಯಾವ ಊರಿನ ಮೆಡಿಕಲ್ ವಿವಿ, ಮಣಿಪಾಲವೋ ಮಂಗಳೂರು ಹತ್ತಿರದ ದೇರಳಕಟ್ಟೆಯೋ ಅನ್ನುವುದು ಆಮೇಲಿನ ಮಾತು. ಮೊದಲು ಕೆಲಸದ ಸ್ವಭಾವ ನೋಡಿ.

ಪುನರುತ್ಪಾದಕ ವೈದ್ಯಕೀಯ (ಹಾಳಾದ ಅಂಗಾಂಶವನ್ನು ಸ್ಟೆಮ್ ಸೆಲ್ ಅಥವಾ ಕಾಂಡಕೋಶಗಳಂಥವುಗಳಿಂದ ಸರಿಪಡಿಸುವ ವಿಜ್ಞಾನ) ಅಂದರೆ ಜೀವಕೋಶಗಳ ಚಾಕರಿ. ಇನ್‌ಕ್ಯುಬೇಟರ್‌ನಲ್ಲಿ 37 ಡಿಗ್ರಿ ಶಾಖ, ಶೇ. 5 ಕಾರ್ಬನ್ ಡೈಆಕ್ಸೈಡ್. ಎರಡು-ಮೂರು ದಿನಕ್ಕೊಮ್ಮೆ ಮೀಡಿಯಾ (ಕೋಶಗಳು ಬೆಳೆಯುವ ಪೋಷಕ ದ್ರವ) ಬದಲಿಸಬೇಕು. ಭಾನುವಾರವೋ, ಊರಿನ ಕೋಲವೋ, ಕೋಶಗಳು ಕಾಯುವುದಿಲ್ಲ. ಒಂದು ಫ್ಲಾಸ್ಕ್‌ಗೆ ಫಂಗಸ್ ಹತ್ತಿದರೆ ವಾರಗಳ ಕೆಲಸ ಕಸದ ಬುಟ್ಟಿಗೆ. ನಮ್ಮ ಮಳೆಗಾಲದಲ್ಲಂತೂ ಈ ಭಯ ಜಾಸ್ತಿ. ಇನ್ನು ಚಿಕಿತ್ಸೆಯ ಮಾತು: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ ಕೆಲವು ರಕ್ತದ ಕಾಯಿಲೆಗಳಂಥವಕ್ಕೆ ಮಾಡುವ ಕಾಂಡಕೋಶ ಕಸಿ ಬಿಟ್ಟರೆ ಉಳಿದದ್ದೆಲ್ಲ ಇನ್ನೂ ಪ್ರಯೋಗವೇ.

ಶುಗರ್‌ನಂಥ ದೀರ್ಘಕಾಲದ ಕಾಯಿಲೆಗಳ ಸಂಶೋಧನೆಯಲ್ಲಿ ಕಾಯುವಿಕೆ ಬೇರೆ ಥರದ್ದು. ಎಥಿಕ್ಸ್ ಕಮಿಟಿಯ ಒಪ್ಪಿಗೆ ಸಿಗುವ ತನಕ ಒಬ್ಬ ರೋಗಿಯನ್ನೂ ಅಧ್ಯಯನಕ್ಕೆ ಸೇರಿಸುವಂತಿಲ್ಲ. ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಹೇಳುವುದು ಹಿಂದಿನ 2-3 ತಿಂಗಳ ಸರಾಸರಿ ಸಕ್ಕರೆ, ಹಾಗಾಗಿ ಅವಸರ ನಡೆಯದು. ‘ಅನ್ನ ಎಷ್ಟು ತಿಂತೀರಿ?’ ಅಂತ ಸುಮ್ನೆ ಕೇಳಿದರೆ ಸಾಲದು. ಕುಚ್ಚಲಕ್ಕಿ ಗಂಜಿಯಾ, ನೀರುದೋಸೆಯಾ, ಎಷ್ಟು ಸೌಟು ಅಂತ ಕೆದಕಬೇಕು, ಅದೂ ತುಳುವಿನಲ್ಲೋ ಬ್ಯಾರಿಯಲ್ಲೋ. ಆರನೇ ತಿಂಗಳಿಗೆ ಫೋನ್ ಮಾಡಿದರೆ ‘ಅಮ್ಮ ಮುಂಬೈಗೆ ಮಗನ ಮನೆಗೆ ಹೋಗಿದ್ದಾರೆ’ ಅನ್ನುವ ಉತ್ತರ ಮಾಮೂಲಿ.

ಯುಜಿಸಿಯ 2022ರ ನಿಯಮದಲ್ಲಿ ಪಿಎಚ್‌ಡಿಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಲ್ಯಾಬ್‌ನವರು ಮೂರಕ್ಕೇ ಮುಗಿಸುವ ಆಸೆ ಬಿಡುವುದು ಒಳ್ಳೆಯದು. ಜನರ ಜೊತೆ ಮಾತು ಒಗ್ಗುವವರಿಗೆ ನಾನು ಹೇಳುವುದು ಎರಡನೆಯದು. ಲ್ಯಾಬೇ ಬೇಕು ಅನ್ನುವವರು ಪ್ರಾಜೆಕ್ಟ್ ದುಡ್ಡು ಎಷ್ಟು ವರ್ಷಕ್ಕಿದೆ ಅಂತ ಗೈಡ್ ಹತ್ತಿರ ಮೊದಲೇ ಕೇಳಿ. ಮೀಡಿಯಾಕ್ಕೆ ಸೇರಿಸುವ ಸೀರಮ್ ಭಾರೀ ದುಬಾರಿ.