ಪಂಪ್ ಬದಲಾಯಿಸುವ ಮುಂಚೆ ಆಕ್ಸಿಲರೇಟರ್ ಒತ್ತಿ ನೋಡಿ

ಸ್ಟೇರಿಂಗ್ ಗಟ್ಟಿಯಾಯ್ತು ಅಂತ ಪಂಪ್ ಬದಲಾಯಿಸಿ 19 ಸಾವಿರ ಕಳ್ಕೊಂಡೆ. ಸ್ಟೇರಿಂಗ್ ಮಾತ್ರ ಹಾಗೇ ಇತ್ತು.

ನಮ್ಮದು ಸೆಕೆಂಡ್ ಹ್ಯಾಂಡ್ ಸೆಡಾನ್. ಹೈಡ್ರಾಲಿಕ್ ಸ್ಟೇರಿಂಗ್, ಅಂದರೆ ಪಂಪ್ ಕೊಡುವ ಆಯಿಲ್ ಒತ್ತಡ ತಿರುಗಿಸೋಕೆ ನೆರವಾಗುತ್ತೆ; ಅದರಲ್ಲೂ ಸ್ಪೀಡ್ ನೋಡಿಕೊಂಡು ಹಗುರ, ಭಾರ ಆಗುವಂಥದ್ದು. ಒಂದು ಸಂಜೆ ತುಮಕೂರಿನ ಎಂ.ಜಿ. ರಸ್ತೆಯಲ್ಲಿ ಕಾರು ತೆಗೆಯೋಕೆ ಹೋದರೆ ರಾಗಿಕಲ್ಲು ತಿರುಗಿಸಿದ ಹಾಗಿತ್ತು. ಹಿಂದೆ ಆಟೋದವರ ಹಾರ್ನ್ ಬೇರೆ. ಆದರೆ ಕ್ಯಾತ್ಸಂದ್ರ ದಾಟಿ ಹೈವೇಗೆ ಬಂದರೆ ಏನೂ ತೊಂದರೆ ಇಲ್ಲ! ಆಗಲೇ ಅನುಮಾನ ಬರಬೇಕಿತ್ತು.

ಗ್ಯಾರೇಜಿನವರು ಬಾನೆಟ್ ಎತ್ತಿದ್ದೇ ತಡ, 'ಪಂಪ್ ಹೋಗಿದೆ ಸಾರ್' ಅಂದರು. ಪ್ರೆಷರ್ ಗೇಜ್ ಹಾಕಿ ನೋಡಲಿಲ್ಲ. ನಾನೂ ಕೇಳಲಿಲ್ಲ.

ಕೊನೆಗೆ ಶಿರಾ ಗೇಟ್ ಕಡೆಯ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಕೇಳಿದ: 'ಅಣ್ಣ, ನಿಂತಲ್ಲೇ ರೇಸ್ ಮಾಡಿದರೆ ಹಗುರ ಆಗುತ್ತಾ?' ಆಗಲಿಲ್ಲ. ಪಂಪ್ ಓಡೋದು ಇಂಜಿನ್ ಬೆಲ್ಟಿನಿಂದ. ಪಂಪ್ ಸವೆದಿದ್ದರೆ, ಬೆಲ್ಟ್ ಜಾರುತ್ತಿದ್ದರೆ, ಸಾಮಾನ್ಯವಾಗಿ ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೇ ಇದ್ದಾಗ, ಗಟ್ಟಿ ಇದ್ದದ್ದು ರೇಸ್ ಮಾಡಿದಾಗ ಸ್ವಲ್ಪ ಸಡಿಲ ಆಗುತ್ತೆ. ಕುಂಯ್ ಅನ್ನೋ ಸದ್ದೂ ಬರಬಹುದು. ನಮ್ಮ ಕಾರಲ್ಲಿ ಎರಡೂ ಇರಲಿಲ್ಲ.

ಈ ಥರದ ಸ್ಟೇರಿಂಗಲ್ಲಿ ಪಂಪ್ ಜೊತೆ ಒಂದು ಸೊಲೆನಾಯ್ಡ್ ವಾಲ್ವ್, ಅಂದರೆ ಕರೆಂಟಿನಿಂದ ಕೆಲಸ ಮಾಡುವ ವಾಲ್ವ್ ಇರುತ್ತೆ. ಸ್ಪೀಡ್ ಸೆನ್ಸರ್ ನೋಡಿ ಕಂಪ್ಯೂಟರ್ ಅದಕ್ಕೆ ಕರೆಂಟ್ ಕೊಡುತ್ತೆ. ಪಾರ್ಕಿಂಗಲ್ಲಿ ಆಯಿಲ್ ಒತ್ತಡ ಪೂರ್ತಿ ನಮ್ಮ ಕೈಗೆ ನೆರವು. 80, 100ರಲ್ಲಿ ಆ ನೆರವು ಕಮ್ಮಿ, ಇಲ್ಲದಿದ್ದರೆ ಬೆರಳು ತಾಗಿದರೂ ಕಾರು ಲೇನ್ ಬಿಟ್ಟು ಹೋಗುತ್ತೆ. ನಮ್ಮ ಕಾರಿನಂಥ ಸಿಸ್ಟಮ್‌ಗಳಲ್ಲಿ ಕರೆಂಟ್ ನಿಂತರೆ ಸ್ಟೇರಿಂಗ್ ಹೈವೇ ಲೆಕ್ಕಕ್ಕೇ, ಅಂದರೆ ಗಟ್ಟಿಯಾಗೇ, ನಿಂತುಬಿಡುತ್ತೆ. ಹೈವೇಯಲ್ಲಿ ದಿಢೀರ್ ಹಗುರವಾಗೋದಕ್ಕಿಂತ ಪಾರ್ಕಿಂಗಲ್ಲಿ ತೋಳು ನೋಯೋದು ವಾಸಿ, ಅಲ್ವಾ? ಮಾಡಿದವರ ಲೆಕ್ಕ ಸರಿಯಾಗೇ ಇದೆ.

ಅವನು ವಾಲ್ವ್‌ನ ಕನೆಕ್ಟರ್ ಬಿಚ್ಚಿದ. ಎರಡು ಪಿನ್ನು, ಎರಡೂ ಹಸಿರು ಪಾಚಿ ಹಿಡಿದಂತೆ ಇದ್ದವು. ಉಜ್ಜಿ, ಸ್ಪ್ರೇ ಹೊಡೆದು ಸಿಕ್ಕಿಸಿದ. ಸ್ಟೇರಿಂಗ್ ಒಂದೇ ಕೈಯಲ್ಲಿ ತಿರುಗಿತು. ತಗೊಂಡಿದ್ದು 300 ರೂಪಾಯಿ.

ಇಂಥದ್ದೇ ಸ್ಟೇರಿಂಗ್ ಇರುವ ನಿಮ್ಮ ಕಾರಲ್ಲೂ ನಿಧಾನಕ್ಕೆ ಹೋಗುವಾಗ ಮಾತ್ರ ಗಟ್ಟಿ ಅನಿಸಿದರೆ ಮೊದಲು ಸ್ಟೇರಿಂಗ್ ಆಯಿಲ್ ಮಟ್ಟ, ಬೆಲ್ಟ್ ನೋಡಿಸಿ. ಆಮೇಲೆ ಹ್ಯಾಂಡ್ ಬ್ರೇಕ್ ಹಾಕಿ, ನ್ಯೂಟ್ರಲ್‌ನಲ್ಲಿ ಈ ರೇಸ್ ಪರೀಕ್ಷೆ ಮಾಡಿ. ಹಗುರ ಆಗದಿದ್ದರೆ ವೈರಿಂಗ್ ಕಡೆ ಹೋಗಿ. ಪಂಪ್ ಬದಲಾಯಿಸಲೇಬೇಕು ಅಂದರೆ ಹಳೇದನ್ನು ಕೇಳಿ ಇಸ್ಕೊಳ್ಳಿ.

ನಾನು ವಾಪಸ್ ಹೋಗಿ ಕೇಳಿದೆ. 'ಗುಜರಿಗೆ ಹೋಯ್ತಲ್ಲ ಸಾರ್' ಅಂದರು.